ಮೂರು ಗಂಟೆಯ ಡಬ್ಬಿ

ಹದಿನೈದು ದಿನಗಳಿಂದ ಡಬ್ಬಿ ಖಾಲಿಯಾಗಿ ಮನೆಗೆ ಬರುತ್ತಿತ್ತು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಮಗಳನ್ನು ಕೂರಿಸಿಕೊಂಡು ವಿಜಯಪುರದ ಕಡೆ ಹೊರಟಿದ್ದ ಅನುರಾಧಾಳಿಗೆ ಬೆಳಿಗ್ಗೆಯಿಂದ ಅದೊಂದೇ ಯೋಚನೆ. ಯೋಚನೆಯೂ ಅಲ್ಲ, ಬಾಯಲ್ಲಿ ಕರಗದೆ ಉಳಿದ ಸಿಹಿಯಂಥ ಒಂದು ಸಮಾಧಾನ. ಅಂಗೈಯಗಲದ ಸ್ಟೀಲಿನ ಡಬ್ಬಿ. ಶಾಲೆಯಲ್ಲಿ ಮೂರು ಗಂಟೆಯ ಬಿಡುವಿಗೆ ನೇತ್ರಾ ತಿನ್ನಬೇಕಾದದ್ದನ್ನು ಅವಳು ಅದರಲ್ಲಿ ತುಂಬಿ ಕಳಿಸುತ್ತಿದ್ದಳು. ವರ್ಷವಿಡೀ ಆ ಡಬ್ಬಿ ಸಂಜೆ ಚೀಲದಿಂದ ಹೊರಬಂದಾಗ ಮುಚ್ಚಳ ತೆಗೆಯುವ ಮೊದಲೇ ಕೈಗೆ ತೂಕ ತಿಳಿಯುತ್ತಿತ್ತು. ಬೆವೆತ ಸವತಿಕಾಯಿ, ಮೆತ್ತಗಾದ ಶೇಂಗಾ, ಒಂದು ಮೂಲೆ ಮಾತ್ರ ಕಚ್ಚಿದ ಪನೀರಿನ ತುಂಡು. ಏಳು ವರ್ಷದ ಹುಡುಗಿ ಬೇಡವೆನ್ನುವುದನ್ನು ಬಾಯಿಂದ ಹೇಳದೆ ಡಬ್ಬಿಯಿಂದ ಹೇಳುತ್ತಿದ್ದಳು. ಈಗ ಹದಿನೈದು ದಿನಗಳಿಂದ ಒಂದು ಕಾಳೂ ಇಲ್ಲದೆ, ಬೆರಳಾಡಿಸಿ ನೆಕ್ಕಿದಂತೆ ಖಾಲಿ. ಸಂಜೆ ಬೆರಳು ಚುಚ್ಚಿ ನೋಡಿದರೆ ಮಿಷಿನ್ನಿನಲ್ಲಿ ನೂರಾ ಮೂವತ್ತು, ನೂರಾ ನಲವತ್ತು. ಅಂಥ ಅಂಕಿಯನ್ನು ನೋಡಿದ ಸಂಜೆ ಅವಳು ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅಂಗಳ ಗುಡಿಸುವ ರೀತಿಯೇ ಬೇರೆಯಾಗಿರುತ್ತಿತ್ತು.

ಬಸ್ಸು ಸಾರವಾಡ ದಾಟಿತು. ಹೊಲದಲ್ಲಿ ಜೋಳ ಮೊಣಕಾಲೆತ್ತರ ಬಂದಿತ್ತು. ನೇತ್ರಾ ಕಿಟಕಿಯ ಸರಳಿಗೆ ಗಲ್ಲ ಒತ್ತಿ ಏನನ್ನೋ ಎಣಿಸುತ್ತಿದ್ದಳು. ಹೋದ ವರ್ಷದ ಬೇಸಿಗೆಯಲ್ಲಿ ಇದೇ ದಾರಿಯಲ್ಲಿ ಇದೇ ಹುಡುಗಿ ತನ್ನ ತೊಡೆಯ ಮೇಲೆ ಹಿಂಡಿದ ಬಟ್ಟೆಯಂತೆ ಬಿದ್ದಿದ್ದಳು. ಅದಕ್ಕೂ ಒಂದು ತಿಂಗಳ ಮೊದಲಿನಿಂದ ಕಂಡಕಂಡಲ್ಲಿ ನೀರು ಕುಡಿಯುತ್ತಿದ್ದಳು. ದನಕ್ಕೆ ನೀರಿಡುವ ಬಾನಿಯಲ್ಲಿ ಚರಿಗೆ ಅದ್ದಿದ್ದನ್ನು ನೋಡಿ ಅನುರಾಧಾ ಬೆನ್ನಿಗೆ ಎರಡು ಬಾರಿಸಿದ್ದಳು. ಹಾಸಿಗೆ ಒದ್ದೆ ಮಾಡಿಕೊಂಡಾಗ ‘ಇಷ್ಟ ದೊಡ್ಡಾಕಿ ಆಗಿ ನಾಚಿಕಿ ಇಲ್ಲೇನು’ ಎಂದಿದ್ದಳು. ರೋಗಕ್ಕೆ ಬೈದೆನೇ ಹೊರತು ಮಗುವಿಗಲ್ಲ ಎಂದು ಆಮೇಲೆ ಎಷ್ಟು ಸಲ ಹೇಳಿಕೊಂಡರೂ ಆ ಎರಡು ಏಟಿನ ಸದ್ದು ಕಿವಿಯಿಂದ ಹೋಗಿಲ್ಲ. ಡಾಕ್ಟರಬಾಯಿ ಹೇಳಿದ್ದರು: ಇದು ನೀವು ತಿನ್ನಿಸಿದ್ದರಿಂದ ಬಂದದ್ದಲ್ಲ, ಬಿಟ್ಟದ್ದರಿಂದಲೂ ಅಲ್ಲ, ಹುಡುಗಿಯ ಮೈಯೊಳಗೇ ಇನ್ಸುಲಿನ್ ಹುಟ್ಟುವುದು ನಿಂತಿದೆ, ಇನ್ನು ಸೂಜಿಯಿಂದಲೇ ಕೊಡಬೇಕು. ಮನೆಗೆ ಬಂದು ಹಾಗೆಯೇ ಹೇಳಿದಾಗ ಅತ್ತೆ ಅಕ್ಕನಾಗಮ್ಮ ಎಲ್ಲವನ್ನೂ ಕೇಳಿಸಿಕೊಂಡು, “ಬಸುರಿದ್ದಾಗ ನಿನಗ ಪೇಢೇದ ಬಯಕಿ ಇತ್ತಲ್ಲ,” ಎಂದಷ್ಟೇ ಹೇಳಿದ್ದರು. ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಮರೆಯಬಹುದಿತ್ತು.

ಊಟಕ್ಕೆ ಸೂಜಿ ಇತ್ತು, ಲೆಕ್ಕ ಇತ್ತು; ಒಂದು ರೊಟ್ಟಿಗೆ ಇಷ್ಟು, ಒಂದು ಸೌಟು ಅನ್ನಕ್ಕೆ ಇಷ್ಟು. ಕಷ್ಟವಿದ್ದದ್ದು ಊಟದ ನಡುವಿನ ಹಸಿವಿಗೆ. ಬಿಸ್ಕಿಟು, ಚುರಮುರಿ, ಬೆಲ್ಲದ ಚಿಕ್ಕಿ, ಬಾಳೆಹಣ್ಣು, ಮಕ್ಕಳು ಕೈಚಾಚುವ ಪ್ರತಿಯೊಂದೂ ರಕ್ತಕ್ಕೆ ಸಕ್ಕರೆಯನ್ನು ಸುರಿಯುವಂಥದ್ದೇ. ಸೂಜಿಯಿಲ್ಲದೆ ಹೊಟ್ಟೆ ತಣಿಸುವ ತಿಂಡಿ ಯಾವುದೆಂದು ಅನುರಾಧಾ ತನ್ನ ಅಡುಗೆಮನೆಯ ಡಬ್ಬಗಳ ಮುಂದೆ ಪರೀಕ್ಷೆಗೆ ಕೂತವಳಂತೆ ಕೂರುತ್ತಿದ್ದಳು. ಶೇಂಗಾ ಹುರಿದು ಅಗಸಿಪುಡಿಯಲ್ಲಿ ಹೊರಳಿಸಿದಳು. ಪನೀರನ್ನು ಜೀರಿಗೆ ಹಾಕಿ ತುಪ್ಪದಲ್ಲಿ ಕೆಂಪಗೆ ಮಾಡಿದಳು. ಕುಂಬಳಬೀಜ ಸುಲಿದು ಸುಲಿದು ಉಗುರಿನ ಸಂದು ಸೀಳಿತು. ಎಳೆ ಸವತಿಕಾಯಿಯನ್ನು ಉದ್ದಕ್ಕೆ ಸೀಳಿ, ತಿರುಳು ತೆಗೆದು, ಗಟ್ಟಿ ಮೊಸರಿಗೆ ಗುರೆಳ್ಳು ಪುಡಿ ಕಲಸಿ ತುಂಬಿ, ಹಸಿಕೊಬ್ಬರಿಯ ತೆಳು ಚೂರೊಂದನ್ನು ಹಾಯಿಯಂತೆ ಸಿಕ್ಕಿಸಿ ಅದಕ್ಕೆ ‘ದೋಣಿ’ ಎಂದು ಹೆಸರಿಟ್ಟಳು. ಸಮುದ್ರವನ್ನು ಅವಳೂ ನೋಡಿರಲಿಲ್ಲ, ಮಗಳೂ ನೋಡಿರಲಿಲ್ಲ. ಆದರೂ ದೋಣಿ ಖಾಲಿಯಾಗತೊಡಗಿದ ದಿನದಿಂದ ತಾನು ಈ ರೋಗವನ್ನು ಕೈಯಿಂದ ಮಾಡಿದ ಒಂದು ವಸ್ತುವಿನಿಂದ ಹಿಮ್ಮೆಟ್ಟಿಸಿದೆ ಎಂಬ ಗರ್ವ ಅವಳೊಳಗೆ ಮೆಲ್ಲಗೆ ಎದ್ದು ಕೂತಿತ್ತು.

ದವಾಖಾನೆಯ ಮಾಳಿಗೆಯ ಕೋಣೆಯಲ್ಲಿ ತಿಂಗಳಿಗೊಮ್ಮೆ ಇಂಥ ಮಕ್ಕಳ ತಾಯಂದಿರನ್ನು ಡಾಕ್ಟರಬಾಯಿ ಕೂಡಿಸುತ್ತಿದ್ದರು. ಹನ್ನೊಂದು ಜನ ತಾಯಂದಿರು, ಚಾಪೆಯ ಮೇಲೆ ಮಕ್ಕಳು. ನೇತ್ರಾಳ ದಿನಚರಿಯ ಪುಟಗಳನ್ನು ತಿರುವಿ ನೋಡಿ ಡಾಕ್ಟರಬಾಯಿ, “ಅನುರಾಧಾ, ಮಧ್ಯಾಹ್ನದ್ದು ಇಷ್ಟು ಛಲೋ ಹೆಂಗ ಬರಾಕತ್ತೈತಿ? ಎದ್ದು ನಿಂತು ಎಲ್ಲಾರಿಗೂ ಹೇಳ್ರಿ,” ಎಂದರು. ಅವಳು ಎದ್ದಳು. ಶೇಂಗಾ, ಅಗಸಿ, ಪನೀರು, ದೋಣಿ. ಕೈಯಲ್ಲಿ ಸವತಿಕಾಯಿ ಇರುವಂತೆಯೇ ಸೀಳಿ ತೋರಿಸಿದಳು. ಒಬ್ಬಳು ಬರೆದುಕೊಳ್ಳುತ್ತಿದ್ದಳು. ಹೊನವಾಡದಿಂದ ಬಂದಿದ್ದ ದ್ರಾಕ್ಷಿತೋಟದವರ ಸೊಸೆ, “ನಿಮ್ದು ಬರೋಬ್ಬರಿ ಐತ್ರಿ ಅಕ್ಕಾ. ನಮ್ಮನ್ಯಾಗ ಮೂಲಿಮೂಲಿಗೂ ಒಣದ್ರಾಕ್ಷಿ. ಹುಡುಗನ ಕೈ ಎಷ್ಟಂತ ಹಿಡೀಲಿ?” ಎಂದು ಕಣ್ಣೊರೆಸಿಕೊಂಡಳು. ಅನುರಾಧಾ ಅವಳಿಗೆ ಧೈರ್ಯ ಹೇಳಿದಳು. ಹೇಳುವಾಗ ತನ್ನ ದನಿ ತನಗೇ ಹೊಸದಾಗಿ, ದೊಡ್ಡವರ ದನಿಯಂತೆ ಕೇಳಿಸಿತು. ಸೊಸೆ ಮೂಗೇರಿಸಿಕೊಂಡು, ಚಾಪೆಯ ಮೇಲಿದ್ದ ನೇತ್ರಾಳ ಕಡೆ ಬಾಗಿ ಕೇಳಿದಳು.

“ಇದರಾಗ ನಿನಗ ಯಾವುದು ಭಾಳ ಸೇರ್ತೈತಿ ಬೇ?”

“ತತ್ತಿ,” ಎಂದಳು ನೇತ್ರಾ.

ಯಾರೋ ನಕ್ಕರು. ಡಾಕ್ಟರಬಾಯಿಯೂ ನಕ್ಕರು. “ಅಲ್ರೀ, ಅದನ್ನ ಮೊದಲ ಹೇಳಬೇಕಿಲ್ಲೇನು? ಕುದಿಸಿದ ತತ್ತಿ ಎಲ್ಲಕ್ಕಿಂತ ಛಲೋ. ಸಕ್ಕರಿ ಏರಂಗಿಲ್ಲ, ಹೊಟ್ಟಿ ತುಂಬ್ತೈತಿ. ನೀವು ಬರೇ ಸವತಿಕಾಯಿ ಹೇಳ್ಕೋತ ನಿಂತೀರಿ.” ಮುಂದೆ ಕೂತಿದ್ದ ಹೆಂಗಸೊಬ್ಬಳು ತಿರುಗಿ ಅನುರಾಧಾಳ ಹಣೆಯ ಮೇಲಿನ ವಿಭೂತಿಯನ್ನು, ಕೊರಳಲ್ಲಿದ್ದ ಲಿಂಗದ ಕರಡಿಗೆಯ ದಾರವನ್ನು ನೋಡಿ ಮತ್ತೆ ಮುಂದೆ ತಿರುಗಿದಳು. ಅಷ್ಟೇ. ಅನುರಾಧಾಳ ಎರಡೂ ಕೈಗಳು ಇನ್ನೂ ಇಲ್ಲದ ಸವತಿಕಾಯಿಯನ್ನು ಹಿಡಿದುಕೊಂಡೇ ಇದ್ದವು. ಹೇಗೆ ಕೂತಳೋ ತಿಳಿಯಲಿಲ್ಲ. ಮುಂದಿನ ಅರ್ಧ ಗಂಟೆ ಯಾರು ಏನು ಹೇಳಿದರೋ ಅದೂ ತಿಳಿಯಲಿಲ್ಲ. ಬರೆದುಕೊಳ್ಳುತ್ತಿದ್ದವಳ ಪೆನ್ನು ನಿಂತಿದ್ದು ಮಾತ್ರ ಕಣ್ಣಿಗೆ ಬಿದ್ದಿತ್ತು.

ತಿರುಗಿ ಬರುವ ಬಸ್ಸು ಎರಡು ಸ್ಟಾಪು ದಾಟಿತು. ಆಮೇಲೆ ಅನುರಾಧಾ ಮಗಳ ಕಿವಿಯ ಹತ್ತಿರ ಬಾಗಿ ತತ್ತಿಯ ಮಾತು ಕೇಳಿದಳು. ನೇತ್ರಾ ಮುಚ್ಚಿಡಲಿಲ್ಲ. ಕೇಳಿದ್ದಷ್ಟಕ್ಕೆ ಪಾಠ ಒಪ್ಪಿಸುವಂತೆ ಉತ್ತರ ಕೊಟ್ಟಳು. ಶಾಲೆಯಲ್ಲಿ ಊಟಕ್ಕೆ ಬಿಟ್ಟಾಗ ಮಕ್ಕಳನ್ನು ಎರಡು ಸಾಲು ನಿಲ್ಲಿಸಿ ತತ್ತಿ ಕೊಡುತ್ತಾರೆ. ತಿನ್ನದವರಿಗೆ ಬಾಳೆಹಣ್ಣು. ಇದು ಅನುರಾಧಾಳಿಗೂ ಗೊತ್ತಿತ್ತು. ನೇತ್ರಾಳಿಗೆ ಬಾಳೆಹಣ್ಣು ಕೊಡಬೇಡಿರೆಂದು ಅವಳೇ ಹೇಳಿ ಬಂದಿದ್ದಳು. ದಿನಾ ಒಂದು ಗಂಟೆಗೆ ಬುತ್ತಿ ಹಿಡಿದು ಹೋಗಿ, ಸೂಜಿ ಮಾಡಿ, ಮಗಳು ಗೆಳತಿಯರೊಂದಿಗೆ ಊಟಕ್ಕೆ ಕೂತದ್ದನ್ನು ನೋಡಿ ಬರುತ್ತಿದ್ದಳು. ತಿಂಗಳ ಹಿಂದೆ ‘ನೀ ನಿಂದರಬ್ಯಾಡ, ಎಲ್ಲಾರೂ ನೋಡ್ತಾರ’ ಎಂದು ಮಗಳು ಹೇಳಿದ ಮೇಲೆ ಸೂಜಿ ಮಾಡಿದ ಕೂಡಲೇ ಹೊರಟುಬಿಡುತ್ತಿದ್ದಳು.

“ತತ್ತಿ ಪಾಳಿ ಒಂದ, ಬಾಳಿಹಣ್ಣಿನ ಪಾಳಿ ಒಂದ,” ಎಂದಳು ನೇತ್ರಾ. “ನನಗ ಯಾವ ಪಾಳೀನೂ ಇರಲಿಲ್ಲ. ಗ್ವಾಡಿ ಹಂತ್ಯಾಕ ನಿಂದರ್ತಿದ್ದೆ.”

“ಮತ್ತ?”

“ಒಂದಿನ ತತ್ತಿ ಪಾಳ್ಯಾಗ ನಿಂತೆ. ನೀಲಾ ಅಕ್ಕೋರು ಕೇಳಿದ್ರು, ನಿಮ್ಮವ್ವ ಹೂಂ ಅಂದಾಳೇನು ಅಂತ. ಹೂಂ ಅಂದಾಳ ಅಂದ್ನಿ.”

“ಡಬ್ಬಿ?”

“ಹೊಟ್ಟಿ ತುಂಬಿರ್ತಿತ್ತಲ್ಲ. ಎಲ್ಲಾರಿಗೂ ಕೊಟ್ನಿ. ದೋಣಿ ಅಂದ್ರ ಎಲ್ಲಾರೂ ಜಗಳಾಡ್ತಾರವ್ವಾ.”

ಕೊನೆಯ ಮಾತನ್ನು ಹುಡುಗಿ ತಾಯಿಗೆ ಖುಷಿಯಾಗಲೆಂದೇ ಹೇಳಿದ್ದಳು. ಅನುರಾಧಾಳ ಕೈ ತಾನಾಗಿ ಮಗಳ ರಟ್ಟೆಗೆ ಹೋಗಿ ಗಿಂಡಿತು. ಬಸ್ಸಿನಲ್ಲಿ ಯಾರಿಗೂ ಕಾಣದಂತೆ, ಎರಡು ಬೆರಳಿನಿಂದ, ತಿರುವಿ. ನೇತ್ರಾ ಅಳಲಿಲ್ಲ, ತುಟಿ ಒಳಗೆಳೆದುಕೊಂಡು ಕಿಟಕಿಯ ಕಡೆ ನೋಡಿದಳು. ದಿನಕ್ಕೆ ನಾಲ್ಕು ಸಲ ಚುಚ್ಚಿಸಿಕೊಂಡು ನೋವನ್ನು ಹಾಗೆ ನುಂಗುವುದು ಅವಳಿಗೆ ರೂಢಿಯಾಗಿತ್ತು. ತೋಳು ಸರಿದಾಗ ಅನುರಾಧಾ ನೋಡಿದಳು: ತಾನು ಗಿಂಡಿದ ಜಾಗದಲ್ಲೇ ಮೊನ್ನೆಯ ಸೂಜಿಯ ನೀಲಿ ಕಲೆಯಿತ್ತು. ಆ ಕಲೆಯ ಮೇಲೆ ಈಗ ಕೆಂಪು ಅರ್ಧಚಂದ್ರ. ಅವಳಿಗೆ ಕೈಯನ್ನು ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಸಿಟ್ಟು ಬಂದದ್ದು ತತ್ತಿಗೋ, ಸುಳ್ಳಿಗೋ, ಹನ್ನೊಂದು ಜನರ ಮುಂದೆ ಗಾಳಿಯಲ್ಲಿ ಸವತಿಕಾಯಿ ಸೀಳಿದ್ದಕ್ಕೋ? ಗೋಡೆಯ ಹತ್ತಿರ ನಿಂತ ಮಗಳು ಮಾತ್ರ ಕಣ್ಣೆದುರಿಂದ ಸರಿಯಲೊಲ್ಲಳು. ಎಷ್ಟು ದಿನ ನಿಂತಿರಬೇಕು? ಏನನ್ನು ನೋಡುತ್ತಾ ನಿಂತಿರಬೇಕು? ಅದನ್ನು ಕೇಳುವ ಧೈರ್ಯವಾಗಲಿಲ್ಲ.

ಅವರದು ಸಾರವಾಡದಿಂದ ಎರಡು ಮೈಲಿ ಆಚೆಯ ವಸ್ತಿ. ಮೂವತ್ತು ಮನೆ, ಒಂದು ಗುಡಿ, ನಾಲ್ಕು ಕೋಣೆಯ ಶಾಲೆ. ಇಳಿದಾಗ ಒಂದಕ್ಕೆ ಹತ್ತು ನಿಮಿಷ ಇತ್ತು. ಸೂಜಿಯ ಹೊತ್ತು, ಬುತ್ತಿ ಚೀಲದಲ್ಲೇ ಇತ್ತು, ಮನೆಗೆ ಹೋಗದೆ ನೇರ ಶಾಲೆಗೆ ನಡೆದಳು. ನೀಲಾ ಅಕ್ಕೋರಿಗೆ ಏನೇನು ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಕೂಡಿಸಿಕೊಂಡಳು. ನಮ್ಮ ಮನೆತನ ಗೊತ್ತಿಲ್ಲೇನ್ರಿ ನಿಮಗ. ಕೇಳದ ಹೆಂಗ ಕೊಟ್ರಿ. ನಿಮ್ಮಲ್ಲಿ ನಡೀಬಹುದು... ಇಲ್ಲಿಗೆ ಬಂದಾಗ ಮಾತು ತಾನೇ ನಿಂತಿತು. ‘ನಿಮ್ಮಲ್ಲಿ’ ಎಂಬುದು ಎಲ್ಲಿಂದ ಬಂತು? ನೀಲಾ ವಿಜಯಪುರದಿಂದ ದಿನಾ ಬಸ್ಸಿಗೆ ಬಂದು ಹೋಗುವ ಶಿಕ್ಷಕಿ. ಅವರ ಮೇಜಿನ ಮೇಲೆ ಗಾಜಿನ ಕೆಳಗೆ ಬುದ್ಧನ ಸಣ್ಣ ಚಿತ್ರವಿತ್ತು. ಹೋದ ಚಳಿಗಾಲದಲ್ಲಿ ಒಂದು ದಿನ ನೇತ್ರಾಳ ಸಕ್ಕರೆ ಇಳಿದು ಕಣ್ಣು ಮೇಲೆ ಸಿಕ್ಕಿದಾಗ, ಚೀಲದಲ್ಲಿದ್ದ ಗ್ಲೂಕೋಸ್ ಪುಡಿಯನ್ನು ನೀರಲ್ಲಿ ಕದಡಿ ಗುಟುಕು ಗುಟುಕಾಗಿ ಕುಡಿಸಿ, ಆಮೇಲೆ ಓಡಿಬಂದ ಅನುರಾಧಾಳಿಗೆ ಕಾಗದದ ಕಪ್ಪಿನಲ್ಲಿ ಚಹಾ ಕೊಟ್ಟಿದ್ದರು. ತಮ್ಮ ಥರ್ಮಾಸಿನ ಚಹಾ. ಅವಳು ಅದನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ‘ಬಿಸಿ ಐತ್ರಿ, ಆರಲಿ’ ಎಂದಿದ್ದಳು. ಅದು ಆರಿತು, ಕೆನೆಗಟ್ಟಿತು. ಹೊರಡುವಾಗ ಅವಳು ಮರೆತಂತೆ ಎದ್ದು ಹೋದಳು. ಬಾಗಿಲಲ್ಲಿ ತಿರುಗಿ ನೋಡಿದಾಗ ನೀಲಾ ಆ ಕಪ್ಪನ್ನೇ ನೋಡುತ್ತಿದ್ದರು.

ಆಫೀಸು ಕೋಣೆಯಲ್ಲಿ ಹೆಡ್‌ಮಾಸ್ತರ್ ಗುರಲಿಂಗಪ್ಪ ಕೂತಿದ್ದರು. ಅನುರಾಧಾಳ ಗಂಡನಿಗೆ ದೂರದಿಂದ ಕಾಕಾ ಆಗಬೇಕು. ಎದುರಿಗೆ ನೀಲಾ ನಿಂತಿದ್ದರು. ಕೂರಲು ಕುರ್ಚಿಯಿತ್ತು, ಆದರೂ ನಿಂತಿದ್ದರು. ಮೇಜಿನ ಮೇಲೆ ಒಂದು ರಿಜಿಸ್ಟರು ತೆರೆದಿತ್ತು.

“ಬಾ ಅನುರಾಧಾ. ನಿನ್ನ ದಾರೀನ ನೋಡಾಕತ್ತಿದ್ದೆ,” ಎಂದರು ಗುರಲಿಂಗಪ್ಪ. “ಇವತ್ತ ಪಟ್ಟಿ ತೆಗೆದು ನೋಡಿದೆ. ಎರಡು ವಾರದಿಂದ ನಿನ್ನ ಮಗಳ ಹೆಸರಿನ ಮುಂದ ತತ್ತಿ ಅಂತ ಐತಿ. ಕೇಳಿದ್ರ ಅಕ್ಕೋರು, ಹುಡುಗಿ ಹೇಳಿದ್ಲು ಅಂತಾರ. ಏಳು ವರ್ಷದ ಹುಡುಗಿ ಮಾತಿನ ಮ್ಯಾಲ ಕೊಡಾಕ ಬರ್ತೈತೇನು? ನಾಳಿ ನಿಮ್ಮತ್ತಿ ಬಂದು ಈ ಬಾಗಲದಾಗ ಕುಂತ್ರ ನಾ ಏನ ಹೇಳ್ಲಿ? ಮ್ಯಾಲಿನ ಆಫೀಸಿಗೆ ಬರೀಬೇಕಾಗ್ತೈತಿ ಅಂತ ಇವರಿಗೂ ಹೇಳೀನಿ.”

“ಮನಿಯವರ ಕಡಿಂದ ಬರಸಿಕೊಂಡು ಕೊಡಬೇಕಿತ್ರಿ,” ಎಂದರು ನೀಲಾ. ಅನುರಾಧಾಳ ಕಡೆ ನೋಡದೆ ರಿಜಿಸ್ಟರಿನ ಕಡೆ ನೋಡಿ ಹೇಳಿದರು. “ಹುಡುಗಿ ದಿನಾ ಗ್ವಾಡಿಗೆ ಆತು ನಿಂತಿರ್ತಿತ್ತು. ನೋಡಾಕ ಆಗಲಿಲ್ಲ. ತಪ್ಪು ನಂದೈತಿ.”

ಅವರ ದನಿ ಮಾಮೂಲಿನಂತೆಯೇ ಇತ್ತು. ಸೆರಗಿನ ತುದಿಯನ್ನು ಹಿಡಿದ ಬೆರಳುಗಳು ಮಾತ್ರ ಬಿಳಿಚಿದ್ದವು. ಅನುರಾಧಾಳಿಗೆ ಆ ಬೆರಳುಗಳಿಂದ ಕಣ್ಣು ಕೀಳಲಾಗಲಿಲ್ಲ. ‘ನನಗ ಗೊತ್ತಿಲ್ರಿ’ ಎಂದರೆ ಸಾಕು. ಅದು ನಿಜವೂ ಹೌದು. ಒಂದು ಮಾತಿಗೆ ಮನೆಯ ಮಾನ ಉಳಿಯುತ್ತದೆ, ಕಾಕಾನ ಮುಖ ಸಡಿಲಾಗುತ್ತದೆ, ತಪ್ಪು ಇವರದಾಗುತ್ತದೆ. ವಸ್ತಿಯಲ್ಲಿ ಸಂಜೆಯೊಳಗೆ ಮಾತು ಹಬ್ಬುತ್ತದೆ: ಆ ಅಕ್ಕೋರು ನಮ್ಮವರ ಹುಡುಗಿಗೆ ತತ್ತಿ ತಿನ್ನಿಸಿದಳಂತೆ. ಬರುವ ತಿಂಗಳು ಇವರಿಲ್ಲಿ ಇರುವುದಿಲ್ಲ. ಇಷ್ಟೆಲ್ಲ ಒಂದೇ ಉಸಿರಿನಲ್ಲಿ ಅವಳಿಗೆ ಹೊಳೆದಿತ್ತು. ಬಾಗಿಲಲ್ಲಿ ನೇತ್ರಾ ಎರಡೂ ಕೈಯಿಂದ ಚೀಲವನ್ನು ಎದೆಗವಚಿಕೊಂಡು ತಾಯಿಯ ಬಾಯನ್ನೇ ನೋಡುತ್ತಿದ್ದಳು.

“ನಾನ ಹೇಳಿದ್ದೆ,” ಎಂದಳು ಅನುರಾಧಾ.

“ಏನಂತ?”

“ತತ್ತಿ ಕೊಡ್ರಿ ಅಂತ. ಡಾಕ್ಟರಬಾಯಾರು ತಿನಬೇಕಂತಾರ. ಬರದು ಕಳಸೂದು ನಾ ಮರ್ತೆ.”

“ಮನ್ಯಾಗ ಗೊತ್ತೈತೇನು?”

ಅವಳು ಪೆನ್ನಿಗೆ ಕೈ ಚಾಚಿದಳು. ನೀಲಾ ಪೆನ್ನು ಕೊಟ್ಟರು. ರಿಜಿಸ್ಟರಿನ ಅಂಚಿನಲ್ಲಿ ಅವರು ತೋರಿಸಿದ ಕಡೆ ಅನುರಾಧಾ ಸಹಿ ಮಾಡಿದಳು. ಮದುವೆಯಾದ ಮೇಲೆ ಸಹಿ ಮಾಡುವ ಪ್ರಸಂಗಗಳೇ ಕಡಿಮೆಯಾಗಿ, ಅಕ್ಷರಗಳು ಹುಡುಗಿಯ ಅಕ್ಷರಗಳಂತೆ ಒಂದಕ್ಕೊಂದು ದೂರ ದೂರ ಬಿದ್ದವು. ಗುರಲಿಂಗಪ್ಪ ಕನ್ನಡಕ ತೆಗೆದು ಒರೆಸಿದರು, “ಆತು ಬಿಡು. ನಿಮ್ಮ ಮಗಳು, ನಿಮ್ಮ ಮರ್ಜಿ,” ಎಂದರು. ಅದರಲ್ಲಿ ಅವಳನ್ನು ತಮ್ಮವರ ಲೆಕ್ಕದಿಂದ ಒಂದು ಗೇಣು ಆಚೆ ಸರಿಸಿದ ಸದ್ದಿತ್ತು.

ಧೈರ್ಯವೇನೂ ಇರಲಿಲ್ಲ ಅದರಲ್ಲಿ ಎಂದು ಅವಳಿಗೆ ಗೊತ್ತು. ಮಗಳ ಹೊಟ್ಟೆಗೆ ಸೂಜಿ ಚುಚ್ಚಿ ಹತ್ತು ಎಣಿಸುವಷ್ಟರಲ್ಲಿ ಅವಳು ತನ್ನನ್ನೇ ಕೆದಕಿ ನೋಡಿದಳು. ಮಗಳು ಸುಳ್ಳಿ ಎಂದು ನಾಲ್ಕು ಜನರ ಮುಂದೆ ಒಪ್ಪಲಾರದ ಹಟ, ಬಸ್ಸಿನಲ್ಲಿ ಗಿಂಡಿದ್ದರ ಹೇಸಿಕೆ, ಕಿಟಕಿಯ ಕಟ್ಟೆಯ ಮೇಲೆ ಕೆನೆಗಟ್ಟಿದ ಚಹಾ, ಎಲ್ಲ ಕೂಡಿ ಬಾಯಿಂದ ಬಂದ ಮಾತು ಅದು. ಸತ್ಯ ಹೇಳಿದ್ದರೆ ನೀಚಳಾಗುತ್ತಿದ್ದೆ. ಸುಳ್ಳು ಹೇಳಿ ಏನಾದೆನೋ ಗೊತ್ತಾಗಲಿಲ್ಲ.

ನೇತ್ರಾ ಓಡಿಹೋಗಿ ಪಾಳಿಯಲ್ಲಿ ನಿಂತಳು. ಅನುರಾಧಾ ಇವತ್ತು ಹೊರಡಲಿಲ್ಲ. ಕಂಬದ ಮರೆಯಲ್ಲಿ ನಿಂತು ನೋಡಿದಳು. ಹುಡುಗಿ ತತ್ತಿಯನ್ನು ನೆಲಕ್ಕೆ ಮೆಲ್ಲಗೆ ಕುಟ್ಟಿ, ಸಿಪ್ಪೆಯನ್ನು ಚೂರು ಚೂರಾಗಿ ಬಿಡಿಸಿ ತಟ್ಟೆಯ ಅಂಚಿನಲ್ಲಿ ಒಟ್ಟುಗೂಡಿಸಿದಳು. ಮೊದಲು ಬಿಳಿಯನ್ನು ಸುತ್ತಲೂ ಕಚ್ಚಿ, ಹಳದಿ ಗುಂಡನ್ನು ಕಡೆಗೆ ಉಳಿಸಿಕೊಂಡು ಪಕ್ಕದವಳಿಗೆ ತೋರಿಸಿ ನಕ್ಕಳು. ಆ ವಾಸನೆ ಅನುರಾಧಾಳ ಮೂಗಿಗೆ ಬಂತು. ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಒತ್ತಿಕೊಂಡೇ ನೋಡಿದಳು. ಒಂದೂವರೆ ವರ್ಷದಲ್ಲಿ ಮಗಳು ಹೀಗೆ ಊಟ ಮಾಡಿದ್ದನ್ನು ಅವಳು ಕಂಡಿರಲಿಲ್ಲ. ಮಿಕ್ಕವರು ಹೇಗೆ ತಿನ್ನುತ್ತಾರೋ ಹಾಗೆ, ತಿನ್ನುವುದರ ಕಡೆ ಲಕ್ಷ್ಯವೇ ಇಲ್ಲದೆ, ಮಾತಾಡುತ್ತಾ.

ಪಕ್ಕದಲ್ಲಿ ನೀಲಾ ಬಂದು ನಿಂತಿದ್ದರು. “ಮೊದಲನೇ ದಿನ ಹೆಂಗ ತಿನ್ನೂದು ಅಂತ ಗೊತ್ತಿರಲಿಲ್ಲ ಅಕಿಗೆ. ಸಿಪ್ಪಿ ಸಮೇತ ಕಡದಿದ್ಲು,” ಎಂದರು. ಆಮೇಲೆ ಕೇಳಿದರು, “ನೀವು ಹೇಳಿರಲಿಲ್ಲ ಅಲ್ಲೇನ್ರಿ?”

“ಇಲ್ಲ.”

ಇಬ್ಬರೂ ಅಂಗಳವನ್ನೇ ನೋಡುತ್ತಾ ನಿಂತರು. ಚಹಾ ಕುಡಿಯುವಿರೇನು ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ಕುಡಿಯುತ್ತಿದ್ದೆನೇ ಎಂದು ಅನುರಾಧಾಳಿಗೂ ಖಾತ್ರಿಯಿರಲಿಲ್ಲ.

ಮನೆಗೆ ಬಂದು ಸಂಜೆಯವರೆಗೂ ಅವಳು ಒಂದೇ ಕೆಲಸವನ್ನು ಮೂರು ಮೂರು ಸಲ ಮಾಡಿದಳು. ಅಕ್ಕನಾಗಮ್ಮ ಪಡಸಾಲೆಯಲ್ಲಿ ಕಾಲು ಚಾಚಿ ಕೂತು ತೊಗರಿ ಹಸನು ಮಾಡುತ್ತಿದ್ದರು. ಎಪ್ಪತ್ತರ ಹೆಂಗಸು, ಸ್ನಾನ ಮಾಡಿ ಲಿಂಗಪೂಜೆ ಮುಗಿಯದೆ ಬಾಯಿಗೆ ನೀರು ಹಾಕದವರು. ನೇತ್ರಾ ಹುಟ್ಟಿದ ಐದನೆಯ ದಿನ ಅವಳ ಎದೆಗೆ ಲಿಂಗ ಮುಟ್ಟಿಸಿದವರು. ಬೇರೆಯವರ ಬಾಯಿಂದ ಅವರಿಗೆ ತಿಳಿಯುವ ಮೊದಲು ತಾನೇ ಹೇಳಿಬಿಡಬೇಕು ಎಂದು ಅನುರಾಧಾ ನಿಶ್ಚಯಿಸಿದಳು. ಹೀಗೆ ನಿಶ್ಚಯಿಸಿದ್ದರಲ್ಲಿ ಒಂದು ಶುದ್ಧವಾದ ಸುಖವಿತ್ತು. ಮಧ್ಯಾಹ್ನದ ಸುಳ್ಳನ್ನು ಸಂಜೆಯ ಸತ್ಯ ತೊಳೆಯುತ್ತದೆ. ಮೊರದ ಎದುರು ಕುಕ್ಕರುಗಾಲಲ್ಲಿ ಕೂತು, ಏನನ್ನೂ ಬಿಡದೆ ಹೇಳಿದಳು. ಡಬ್ಬಿ, ದವಾಖಾನೆ, ಬಸ್ಸು, ತಾನು ಗಿಂಡಿದ್ದು, ಸಹಿ. ಮುದುಕಿಯ ಕೈ ನಿಲ್ಲಲಿಲ್ಲ. ಒಂದು ಕಲ್ಲು ಆರಿಸಿ ಪಕ್ಕಕ್ಕಿಟ್ಟರು, ಮತ್ತೊಂದು.

“ಮುಗೀತೇನು?” ಎಂದರು ಕಡೆಗೆ.

“ಮುಗೀತ್ರಿ ಅತ್ತಿ.”

“ನನ್ನ ಮುಂದ ಯಾಕ ಹೇಳಿದಿ?”

ಅನುರಾಧಾಳಿಗೆ ಅರ್ಥವಾಗಲಿಲ್ಲ.

“ಹತ್ತು ದಿನ ಆತು ನನಗ ಗೊತ್ತಾಗಿ. ಸಾಲಿಂದ ಬಂದು ತೊಡಿ ಮ್ಯಾಲ ಮಲಗ್ತೈತಿ ಕೂಸು. ಬಾಯಿ ವಾಸನಿ ಬರಂಗಿಲ್ಲೇನು? ಮೊದಲನೇ ದಿನ ಎದ್ದು ಜಳಕಾ ಮಾಡಿದೆ. ಎರಡನೇ ದಿನ, ಶೀತ ಆಗೇತಿ, ಮೂಗು ಕಟ್ಟೇತಿ ಅಂತ ತಿಳಕೊಂಡೆ. ಕೂಸು ಮೈಯಾಗ ಸ್ವಲ್ಪ ತುಂಬಿಕೊಳ್ಳಾಕತ್ತಿತ್ತು. ನಡೀತಿತ್ತು.” ಅವರು ಮೊರವನ್ನು ಕೆಳಗಿಟ್ಟರು. “ಈಗ ನೀ ಕಿವಿಯಾಗ ಹಾಕಿದಿ. ಕೇಳಿದ್ದನ್ನ ಕೇಳಿಲ್ಲ ಅನ್ನಾಕ ನನಗ ಬರಂಗಿಲ್ಲ. ನಿನ್ನ ಮನಸ ಹಗುರ ಮಾಡಿಕೊಂಡಿ. ನಂದೇನ ಮಾಡ್ಲಿ?”

ಎದ್ದು, ಗೋಡೆ ಹಿಡಿದು ಒಳಗೆ ಹೋದರು. ಪಾತ್ರೆಗಳ ಸದ್ದಾಯಿತು. ಅನುರಾಧಾ ಹೋಗಿ ನೋಡಿದರೆ ತಮ್ಮ ಹಿತ್ತಾಳೆಯ ಬೋಗುಣಿ, ಒಂದು ತವೆ, ಒಂದು ಚರಿಗೆ, ತಟ್ಟೆ ತೆಗೆದು ಇಟ್ಟುಕೊಳ್ಳುತ್ತಿದ್ದರು. ಹಿತ್ತಲ ಛಾವಣಿಯ ಕೆಳಗೆ ನೀರು ಕಾಯಿಸುವ ಒಲೆಯ ಪಕ್ಕದಲ್ಲಿ ಇನ್ನೊಂದು ಸಣ್ಣ ಒಲೆಯಿತ್ತು. “ನನ್ನ ಅಡಗಿ ಇನ್ನ ಅಲ್ಲಿ,” ಎಂದರು. ಬೋಗುಣಿ ಭಾರವಿತ್ತು. ಅನುರಾಧಾ ಕೈ ಹಚ್ಚಹೋದಳು, ಅತ್ತೆ ಬೇಡವೆನ್ನಲಿಲ್ಲ. ಇಬ್ಬರೂ ಅದರ ಎರಡು ಕಿವಿ ಹಿಡಿದು, ಹೊಸ್ತಿಲು ದಾಟಿಸಿ, ತಮ್ಮಿಬ್ಬರನ್ನು ಬೇರೆ ಮಾಡುವ ಒಲೆಯನ್ನು ಕೂಡಿಯೇ ಸಜ್ಜು ಮಾಡಿದರು. ಬೂದಿ ತೆಗೆಯುವಾಗ ಮುದುಕಿಯ ಕಣ್ಣಿಗೆ ಧೂಳು ಬಿತ್ತು. ಅನುರಾಧಾ ಸೆರಗಿನಿಂದ ಒರೆಸಿದಳು. ಸತ್ಯ ಹೇಳಿದ ಸುಖ ಎಲ್ಲಿ ಹೋಯಿತೋ. ಇಷ್ಟು ದಿನ ಈ ಹೆಂಗಸು ಒಬ್ಬಳೇ, ಯಾರಿಗೂ ತಿಳಿಯದಂತೆ, ತನ್ನ ದೇವರ ಮುಂದೆ ಮೂಗು ಕಟ್ಟಿದೆಯೆಂದು ಸುಳ್ಳು ಹೇಳುತ್ತಾ ಆ ಕೂಸಿನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳಲ್ಲ.

ಅನುರಾಧಾಳ ಗಂಡ ಸಂಗನಬಸವ ವಿಜಯಪುರದ ತನ್ನ ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿ ಮುಚ್ಚಿ ಏಳೂವರೆಗೆ ಬಂದ. ಕೈಕಾಲು ತೊಳೆಯಲು ಹಿತ್ತಲಿಗೆ ಹೋದವನು ಎರಡು ಒಲೆ ಉರಿಯುವುದನ್ನು ನೋಡಿದ. ತಟ್ಟೆಯ ಮುಂದೆ ಕೂತಾಗ, ತಾಯಿ ಸ್ವಲ್ಪ ಅತ್ತ, ಕಂಬದ ಬುಡದಲ್ಲಿ ತನ್ನ ಬೋಗುಣಿ ಇಟ್ಟುಕೊಂಡು ಕೂತಿದ್ದನ್ನೂ ನೋಡಿದ.

“ಏನವಾ ಇದು, ಬ್ಯಾರೆ ಒಲಿ?”

ಅನುರಾಧಾ ಬಾಯಿ ತೆರೆದಳು. ಅಕ್ಕನಾಗಮ್ಮ ಅವಳತ್ತ ಒಮ್ಮೆ ನೋಡಿದರು, ಅವಳ ಬಾಯಿ ಮುಚ್ಚಿತು.

“ಇಟ್ಟಂಗಿಹಾಳದ ವೈದ್ಯ ಸಪ್ಪಗ ಉಣ್ಣು ಅಂದಾನ. ನಿಮ್ಮ ಖಾರ ನನಗ ಆಗಂಗಿಲ್ಲ,” ಎಂದರು.

“ಯಾಕ, ನಿನಗೂ ಸಕ್ಕರಿ ಬಂತೇನು?” ಎಂದು ಸಂಗನಬಸವ ನಗೆಯಲ್ಲೇ ಕೇಳಿದ.

“ಬಂತು ಅಂತ ತಿಳಕೋ.”

ಊಟದ ಮೊದಲಿನ ಅಂಕಿ ನೋಡಿಕೊಳ್ಳುತ್ತಿದ್ದ ನೇತ್ರಾ ತಲೆಯೆತ್ತಿದಳು. ಅವಳ ಮುಖದಲ್ಲಿ ಹೆದರಿಕೆಯೂ, ಒಂದು ಬಗೆಯ ಆಸೆಯೂ ಒಟ್ಟಿಗೇ ಬಂದವು. ಮಿಷಿನ್ನಿನ ಚೀಲವನ್ನು ಎತ್ತಿಕೊಂಡು ಕಂಬದ ಕಡೆ ಹೋಗಿ ಅಜ್ಜಿಯ ಎದುರು ಮಂಡಿಯೂರಿದಳು. “ಆಯಿ, ಕೈ ಕೊಡು. ನಾ ನೋಡ್ತೀನಿ. ನೋವಾಗಂಗಿಲ್ಲ. ನಡುವ ಚುಚ್ಚಬಾರದು, ಬೆರಳಿನ ಬಾಜೂಕ ಚುಚ್ಚಬೇಕು.” ಮುದುಕಿ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾರೆಂದು ಅನುರಾಧಾ ಅಂದುಕೊಂಡಳು. ಬೋಗುಣಿಯಿಂದ ಒಂದು ಮೊಳ ದೂರಕ್ಕೆ ಮಾತ್ರ ಆ ಕೈ ಸರಿಯಿತು. ಅಲ್ಲಿ, ನೆಲದ ಮೇಲೆ, ಅಂಗಾತ ಉಳಿಯಿತು. ಅನುರಾಧಾ ಎದ್ದು ಹೋಗಿ ಹಳೆಯ ಸೂಜಿ ತೆಗೆದು ಹೊಸದು ಹಾಕಿಕೊಟ್ಟಳು. ನೇತ್ರಾ ನಾಲಿಗೆ ಕಚ್ಚಿಕೊಂಡು, ಆ ಸುಕ್ಕುಗಟ್ಟಿದ ಬೆರಳನ್ನು ಹಿಂಡಿ ಹಿಂಡಿ ಒಂದು ಹನಿ ರಕ್ತ ತೆಗೆದಳು. ಮಿಷಿನ್ನು ಐದರಿಂದ ಕೆಳಗೆ ಎಣಿಸಿತು.

“ನೂರಾ ಎಂಟು!” ಎಂದು ಕೂಗಿದಳು. “ಆಯಿಗೆ ಏನೂ ಆಗಿಲ್ಲ! ಆಯಿಗೆ ಸೂಜಿ ಬ್ಯಾಡ!”

“ಹಂಗಾದ್ರ ಒಲಿ ಯಾಕ ಬ್ಯಾರೆ?” ಎಂದ ಸಂಗನಬಸವ. ಈಗ ನಗೆಯಿರಲಿಲ್ಲ.

ನೇತ್ರಾ ತಂದೆಯನ್ನು, ಅಜ್ಜಿಯ ಬೋಗುಣಿಯನ್ನು, ನಡುವಿನ ಖಾಲಿ ನೆಲವನ್ನು ನೋಡಿದಳು. ಅವಳಿಗೆ ಅದು ತಿಳಿಯುತ್ತಿದ್ದದ್ದು ಅನುರಾಧಾಳಿಗೆ ಕಾಣಿಸಿತು. “ನಾ ಸಾಲ್ಯಾಗ ತತ್ತಿ ತಿಂತೀನಪ್ಪಾ,” ಎಂದಳು, ತೀರ ಸಣ್ಣ ದನಿಯಲ್ಲಿ. “ಅದಕ್ಕ.”

ಸಂಗನಬಸವನ ಕೈಯಲ್ಲಿ ಮುರಿದ ರೊಟ್ಟಿ ಹಾಗೇ ನಿಂತಿತು. ಅವನು ಮಗಳನ್ನು ನೋಡಲಿಲ್ಲ, ತಾಯಿಯನ್ನೂ ನೋಡ‌ಲಿಲ್ಲ. ಹೆಂಡತಿಯ ಕಡೆ ತಿರುಗಿದ. “ಯಾರು ತಿನ್ನು ಅಂದವರು?”

ಮಗು ತಾನಾಗಿ ತಿಂದಿತು, ನನಗೆ ಇವತ್ತೇ ತಿಳಿಯಿತು. ಸತ್ಯ ಹೀಗಿತ್ತು, ಹೇಳಲು ಸುಲಭವಾಗಿಯೂ ಇತ್ತು. ಮಧ್ಯಾಹ್ನ ಬಾಯಿಂದ ತಾನಾಗಿ ಜಾರಿ ಬಿದ್ದಿದ್ದ ಮಾತನ್ನು ಅನುರಾಧಾ ಈಗ ಅಕ್ಷರ ಅಕ್ಷರ ಆರಿಸಿ ಹೇಳಿದಳು.

“ನಾನ ಹೇಳಿದ್ದೆ. ಸಾಲ್ಯಾಗ ಸಹಿನೂ ಮಾಡಿ ಬಂದೀನಿ. ನಾಳೆನೂ ತಿಂತಾಳ.”

ಅತ್ತೆ ತನ್ನನ್ನು ನೋಡುತ್ತಿದ್ದದ್ದು ಅವಳಿಗೆ ಗೊತ್ತು. ಈ ಮಾತು ಸುಳ್ಳೆಂದು ಅವಳನ್ನು ಬಿಟ್ಟು ಬಲ್ಲವರು ಅಲ್ಲಿ ಇಬ್ಬರೇ, ಅತ್ತೆ ಮತ್ತು ಮಗಳು. ಅಕ್ಕನಾಗಮ್ಮ ಅದನ್ನು ತಿದ್ದಲಿಲ್ಲ. ಸಂಗನಬಸವ ರೊಟ್ಟಿಯ ತುಣುಕನ್ನು ಪಲ್ಯಕ್ಕೆ ಒತ್ತಿ ಬಾಯಿಗಿಟ್ಟುಕೊಂಡ. ಅಗಿಯುವುದಕ್ಕೆ ಅವನಿಗೆ ಬಹಳ ಸಮಯ ಬೇಕಾಯಿತು.

“ಈಗ ಬಂತಲ್ಲ, ನೂರಾ ಎಂಟು,” ಎಂದರು ಮುದುಕಿ, ಸೊಸೆಗೆ. “ಅದು ಛಲೋನ ಏನು?”

“ಛಲೋ ಐತ್ರಿ ಅತ್ತಿ.”

“ಕೂಸಿಂದ?”

“ನೂರಾ ಇಪ್ಪತ್ತೊಂದು. ಅದೂ ಛಲೋ ಐತಿ.”

ಅಕ್ಕನಾಗಮ್ಮ ಬೆರಳಿನ ರಕ್ತವನ್ನು ಸೆರಗಿಗೆ ಒರೆಸಿಕೊಂಡರು. ಚರಿಗೆಯಿಂದ ನೀರು ಹಾಕಿ ಕೈ ತೊಳೆದರು. ಆಮೇಲೆ ಬೋಗುಣಿಯನ್ನು ಹತ್ತಿರಕ್ಕೆ ಎಳೆದುಕೊಂಡು, ತಮ್ಮ ಒಲೆಯಲ್ಲಿ ಬೇಯಿಸಿದ ಅನ್ನವನ್ನು ತಮ್ಮ ತಟ್ಟೆಗೆ ಬಡಿಸಿಕೊಂಡು, ಎಲ್ಲರ ಜೊತೆಗೇ ಉಣ್ಣತೊಡಗಿದರು.